ದಾಸೋಹದ ಬಾಗಿಲು, ಉಗ್ರಾಣದ ಬೀಗ

ಮಠದ ದಾಸೋಹದ ಮನೆಗೆ ಹೋದವರೆಲ್ಲರೂ ಒಂದು ಸಂಗತಿಯನ್ನು ಕಂಡಿರುತ್ತಾರೆ. ಪಂಕ್ತಿಯ ಬಾಗಿಲು ಸದಾ ತೆರೆದಿರುತ್ತದೆ. ಬಂದವನು ಯಾರು, ಎಲ್ಲಿಯವನು ಎಂದು ಅಲ್ಲಿ ಯಾರೂ ವಿಚಾರಿಸುವುದಿಲ್ಲ. ಹತ್ತು ಹೆಜ್ಜೆ ಆಚೆಗಿರುವ ಉಗ್ರಾಣಕ್ಕೆ ಮಾತ್ರ ಬೀಗವಿರುತ್ತದೆ. ಅದರ ಕೀಲಿಕೈ ನಂಬಿಕೆಯ ಒಬ್ಬರ ವಶದಲ್ಲಿರುತ್ತದೆ. ಇವೆರಡರೊಳಗೆ ವಿರೋಧವುಂಟೆಂದು ನಮ್ಮ ಹಿರಿಯರು ಎಂದೂ ಎಣಿಸಲಿಲ್ಲ. ಉಗ್ರಾಣವು ಭದ್ರವಾಗಿದ್ದುದರಿಂದಲೇ ಪಂಕ್ತಿಯು ನಿಲ್ಲದೆ ನಡೆದುಬಂದಿತು. ಮನೆಯ ಗಣಕಯಂತ್ರದಲ್ಲಿರುವ ಕಡತಗಳನ್ನು ಅಂತರಜಾಲದ ಮೂಲಕ ದೂರದವರಿಗೆ ಒದಗಿಸುವ ವಿಷಯದಲ್ಲಿಯೂ ಇದೇ ವಿವೇಕವು ಬೇಕೆಂಬುದು ನನ್ನ ಅಭಿಪ್ರಾಯ. ವ್ಯಾಕರಣ, ಛಂದಸ್ಸುಗಳನ್ನು ಓದಿದ ಪಂಡಿತನಿಗೆ ಗಣಕಯಂತ್ರದ ಗೊಡವೆ ಏಕೆಂದು ವಾಚಕರು ಕೇಳಬಹುದು. ಪೆಟ್ಟು ತಿಂದವನಿಗೆ ಮಾತನಾಡುವ ಅಧಿಕಾರವುಂಟೆಂಬುದೇ ನನ್ನ ಸಮಾಧಾನ.

ಸುತ್ತಲಿನ ಹಳ್ಳಿಗಳ ಮನೆತನಗಳಲ್ಲಿ ಪೂಜೆಗೊಳ್ಳುತ್ತ ಬಂದಿರುವ ತಾಡವೋಲೆಯ ಕಟ್ಟುಗಳ ಛಾಯಾಚಿತ್ರಗಳನ್ನು ತೆಗೆದು, ಹಲವು ವರ್ಷಗಳಿಂದ ನನ್ನ ಮನೆಯ ಗಣಕಯಂತ್ರದಲ್ಲಿ ಕೂಡಿಡುತ್ತಿದ್ದೆನು. ನಮ್ಮ ಶಾಲೆಯ ಹಳೆಯ ದಾಖಲಾತಿ ಪುಸ್ತಕಗಳ ಪ್ರತಿಗಳೂ ಅಲ್ಲಿದ್ದವು. ಹೊರದೇಶದಲ್ಲಿ ನೆಲಸಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಒಮ್ಮೆ ದೂರವಾಣಿಯಲ್ಲಿ, “ಗುರುಗಳೇ, ಆ ಓಲೆಗಳನ್ನು ಇಲ್ಲಿಂದಲೇ ಓದುವ ಹಾಗಿದ್ದರೆ ಪಾಠಾಂತರಗಳನ್ನು ಗುರುತು ಹಾಕಿ ಕೊಡುತ್ತಿದ್ದೆ” ಎಂದರು. ನನಗೆ ಬಹಳ ಸಂತೋಷವಾಯಿತು. ಯಂತ್ರಗಳ ದುರಸ್ತಿ ಬಲ್ಲ ಪರಿಚಿತರೊಬ್ಬರನ್ನು ಕರೆಸಿದೆನು. ಅವರು ರೌಟರಿನಲ್ಲಿ 3389ನೆಯ ಪೋರ್ಟನ್ನು ಹೊರಗಿನವರಿಗೆ ತೆರೆದು, ರಿಮೋಟ್ ಡೆಸ್ಕ್‌ಟಾಪ್ ಎಂಬ ಸೌಕರ್ಯವನ್ನು ಜೋಡಿಸಿಕೊಟ್ಟರು. ನನ್ನ ಹೆಸರು, ಅದರ ಮುಂದೆ ಹುಟ್ಟಿದ ವರ್ಷ, ಇದೇ ನಾನು ಆರಿಸಿಕೊಂಡ ಪಾಸ್‌ವರ್ಡು. ಮೂರು ತಿಂಗಳು ಎಲ್ಲವೂ ಸುಗಮವಾಗಿ ನಡೆಯಿತು. ಒಂದು ದಿನ ಬೆಳಗ್ಗೆ ನೋಡಿದರೆ ಕಡತಗಳ ಹೆಸರುಗಳೆಲ್ಲ ವಿಕಾರಗೊಂಡಿದ್ದವು, ಒಂದೂ ತೆರೆಯಲೊಲ್ಲದು. ಹಣ ಕಳುಹಿಸಿದರೆ ಬಿಡಿಸಿಕೊಡುವೆವೆಂದು ಇಂಗ್ಲಿಷಿನಲ್ಲಿ ಬರೆದ ಪತ್ರವೊಂದು ಮಾತ್ರ ತೆರೆಯಿತು.

ನಮ್ಮ ಚಿತ್ರಕಲಾ ಶಿಕ್ಷಕರು ಆರು ತಿಂಗಳ ಮೊದಲು ಎಲ್ಲವನ್ನೂ ಒಂದು ಹಾರ್ಡ್ ಡಿಸ್ಕಿಗೆ ಪ್ರತಿಮಾಡಿ ಶಾಲೆಯ ಬೀರುವಿನಲ್ಲಿ ಇರಿಸಿದ್ದರಿಂದ ಬಹುಭಾಗವು ಉಳಿಯಿತು. ಅನಂತರದ ಆರು ತಿಂಗಳ ದುಡಿಮೆ ಹೋಯಿತು. ಆ ಅವಧಿಯಲ್ಲಿ ನಾನು ಚಿತ್ರ ತೆಗೆದಿದ್ದ ಒಂದು ಕಟ್ಟಿನ ಮೂಲವು ಅದೇ ಮಳೆಗಾಲದಲ್ಲಿ ಮಾಳಿಗೆ ಸೋರಿ, ಗರಿಗೆ ಗರಿ ಅಂಟಿ, ಹಾಳಾಗಿ ಹೋಗಿತ್ತು. ಆ ಮನೆಯ ಹಿರಿಯ ತಾಯಿಯವರಿಗೆ ವಿಷಯ ತಿಳಿಸಲು ಹೋದಾಗ ಅವರು, “ನಿಮ್ಮ ಕಡೆ ಐತಲ್ಲ ಅಂತ ನಾವು ನಿಶ್ಚಿಂತಿಲೆ ಇದ್ವಿರಿ” ಎಂದಷ್ಟೇ ಹೇಳಿ ಒಳಗೆ ಹೋಗಿ ನೀರು ತಂದುಕೊಟ್ಟರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ.

ನನ್ನಂತಹ ಬಡ ಉಪಾಧ್ಯಾಯನ ಮನೆಗೆ ಕಳ್ಳರು ಏಕೆ ಬಂದಾರು ಎಂಬ ಭ್ರಮೆಯೇ ಈ ಅನರ್ಥಕ್ಕೆ ಮೂಲ. ಅಂತರಜಾಲದಲ್ಲಿ ಕಳ್ಳನು ಮನೆಯನ್ನು ನೋಡಿ ಬರುವುದಿಲ್ಲ. ಅವನು ಹೂಡಿದ ಯಂತ್ರಗಳು ಹಗಲಿರುಳೂ ಲೋಕದ ವಿಳಾಸಗಳನ್ನೆಲ್ಲ ಸಾಲಾಗಿ ತಟ್ಟುತ್ತ ಹೋಗುತ್ತವೆ. ತೆರೆದ ಪೋರ್ಟು ಸಿಕ್ಕಿದಲ್ಲಿ ಊಹಿಸಬಹುದಾದ ಪಾಸ್‌ವರ್ಡುಗಳನ್ನು ಒಂದೊಂದಾಗಿ ಪ್ರಯೋಗಿಸುತ್ತವೆ. 2017ರ ಮೇ ತಿಂಗಳಲ್ಲಿ ‘ವಾನ್ನಾಕ್ರೈ’ ಎಂಬ ಹಾವಳಿಯು ವಿಂಡೋಸ್ ಯಂತ್ರಗಳ ಕಡತ ಹಂಚಿಕೆಯ ವ್ಯವಸ್ಥೆಯಲ್ಲಿದ್ದ ದೋಷವನ್ನೇ ಹಿಡಿದು ಎರಡು ಲಕ್ಷಕ್ಕೂ ಮಿಕ್ಕ ಗಣಕಯಂತ್ರಗಳನ್ನು ಹೊಕ್ಕಿತು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳು ನಿಂತುಹೋದವು. ಆ ದೋಷಕ್ಕೆ ಪರಿಹಾರವು ಅದೇ ವರ್ಷ ಮಾರ್ಚಿಯಲ್ಲಿಯೇ ಪ್ರಕಟವಾಗಿತ್ತು. ಅದನ್ನು ಅಳವಡಿಸಿಕೊಳ್ಳುವ ಸಣ್ಣ ಶ್ರಮವನ್ನು ವಹಿಸದವರೇ ಬಹುಮಟ್ಟಿಗೆ ಬಲಿಯಾದರು.

ಹೀಗಾದ ಮೇಲೆ ಹಿತೈಷಿಗಳು ಎರಡು ಬಗೆಯ ಸಲಹೆ ನೀಡಿದರು. ಎಲ್ಲವನ್ನೂ ಬೀಗ ಹಾಕಿ ಇಟ್ಟುಬಿಡಿ, ಯಾರಿಗೂ ಕೊಡಬೇಡಿ ಎಂಬುದು ಮೊದಲನೆಯದು. ಇದನ್ನು ನಾನು ಒಪ್ಪಲಾರೆ. ಪೆಟ್ಟಿಗೆಯಲ್ಲಿಟ್ಟು ಪೂಜಿಸಿದ ಓಲೆಗಳಿಗೆ ಗೆದ್ದಲು ಭಕ್ತಿಯನ್ನು ತೋರಿಸಲಿಲ್ಲ. ಫ. ಗು. ಹಳಕಟ್ಟಿಯವರು ಮನೆ ಮನೆಗೆ ಅಲೆದು, ಬೇಡಿ, ಓಲೆಗಳನ್ನು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು, ಮುದ್ರಣಾಲಯಕ್ಕಾಗಿ ವಾಸದ ಮನೆಯನ್ನೇ ಮಾರಿದರು. ಹಂಚಿದುದು ಉಳಿಯಿತೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಎರಡನೆಯ ಸಲಹೆ, ಎಲ್ಲವನ್ನೂ ದೊಡ್ಡ ಸಂಸ್ಥೆಗಳ ಕ್ಲೌಡ್ ಭಂಡಾರಕ್ಕೆ ಒಪ್ಪಿಸಿಬಿಡಿ ಎಂಬುದು. ಇದರಲ್ಲಿ ಸತ್ಯಾಂಶವಿದೆ. ಅಂತಹ ಸಂಸ್ಥೆಗಳ ಕಾವಲು ನಮ್ಮ ಕಾವಲಿಗಿಂತ ಬಿಗಿಯಾದುದು. ಎಲ್ಲರಿಗೂ ಕೊಡಬೇಕೆಂದಿರುವ ಪಠ್ಯಗಳನ್ನು ಅಲ್ಲಿ ಇಡುವುದು ಯುಕ್ತವೇ. ಆದರೆ ಖಾತೆಯು ಮುಚ್ಚಿಹೋದರೆ, ಬಾಡಿಗೆ ಕಟ್ಟುವವರು ನಿವೃತ್ತರಾದರೆ ಮುಂದೇನು? ಇದಲ್ಲದೆ ‘ಕೊಂಡಿ ಇದ್ದವರೆಲ್ಲರೂ ನೋಡಬಹುದು’ ಎಂಬ ಅನುಕೂಲವನ್ನು ಒತ್ತಿ ವಾಟ್ಸಾಪಿನಲ್ಲಿ ಕಳುಹಿಸಿದ ಕಡತವು ಕೈಯಿಂದ ಕೈಗೆ ಹೋಗಿ ಎಲ್ಲಿ ನಿಲ್ಲುವುದೋ ತಿಳಿಯದು. ಓಲೆಯ ಕಟ್ಟುಗಳ ನಡುವೆ ಮನೆತನದ ಸಾಲಪತ್ರಗಳಿರುತ್ತವೆ. ಶಾಲೆಯ ಪುಸ್ತಕಗಳಲ್ಲಿ ಮಕ್ಕಳ ಜಾತಿ, ಜನ್ಮದಿನಾಂಕ, ತಂದೆಯ ಆದಾಯ ಇರುತ್ತವೆ. ಮಕ್ಕಳ ಇಂತಹ ವಿವರಗಳಿಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವೂ ವಿಶೇಷ ರಕ್ಷಣೆಯನ್ನು ವಿಧಿಸಿದೆ. ವಚನವು ಲೋಕದ ಸೊತ್ತು. ಒಬ್ಬರ ಸಾಲಪತ್ರವು ಲೋಕದ ಸೊತ್ತಲ್ಲ.

ಹಾಗಾದರೆ ಮಾರ್ಗವೇನು? ಹೊರಬಾಗಿಲನ್ನು ತೆರೆಯದೆ, ಗೊತ್ತಿದ್ದವರಿಗೆ ಮಾತ್ರ ಸುರಂಗಮಾರ್ಗವೊಂದನ್ನು ಕಲ್ಪಿಸುವುದು. ಫಿನ್ಲೆಂಡಿನ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡುಗಳ ಕಳವಾದಾಗ, ತಾತು ಯ್ಲೋನೆನ್ ಎಂಬವರು 1995ರಲ್ಲಿ ‘ಎಸ್‌ಎಸ್‌ಎಚ್’ ಎಂಬ ವಿಧಾನವನ್ನು ರಚಿಸಿದರು. ಸಾಗುವ ಮಾತೆಲ್ಲವೂ ಗೂಢಲಿಪಿಗೆ ತಿರುಗಿ ಸಾಗುವಂತೆ ಮಾಡಿದರು. 2020ರಲ್ಲಿ ಲಿನಕ್ಸ್‌ನ ತಿರುಳಿನಲ್ಲಿ ಸೇರಿದ ‘ವೈರ್‌ಗಾರ್ಡ್’ ಇನ್ನೂ ಸರಳವಾದುದು. ಇದರಲ್ಲಿ ಪ್ರತಿಯೊಂದು ಯಂತ್ರಕ್ಕೂ ಎರಡು ಕೀಲಿಗಳು. ಒಂದನ್ನು ಎದುರಿನವರಿಗೆ ಕೊಡಬಹುದು. ಮತ್ತೊಂದು ಆ ಯಂತ್ರವನ್ನು ಬಿಟ್ಟು ಹೊರಡಕೂಡದು. ಕೀಲಿಯ ಗುರುತಿಲ್ಲದವನು ಎಷ್ಟು ತಟ್ಟಿದರೂ ಒಳಗಿನಿಂದ ಉತ್ತರವೇ ಬರುವುದಿಲ್ಲ. ಅಲ್ಲಿ ಬಾಗಿಲು ಉಂಟೆಂಬುದೇ ಅವನಿಗೆ ತಿಳಿಯದು. ನಮ್ಮ ದೇಶದ ಅನೇಕ ಮನೆಗಳಿಗೆ ಸ್ವಂತ ವಿಳಾಸವಿಲ್ಲದೆ, ಹತ್ತಾರು ಮನೆಗಳು ಒಂದೇ ವಿಳಾಸವನ್ನು ಹಂಚಿಕೊಂಡಿರುವುದರಿಂದ, ಇಬ್ಬರನ್ನು ಸೇರಿಸುವ ಮಧ್ಯಸ್ಥ ಸೇವೆಯೊಂದು ಬೇಕಾಗಬಹುದು. ಒಳಗುಟ್ಟಿನ ಕೀಲಿಗಳು ನಮ್ಮ ಯಂತ್ರಗಳಲ್ಲಿಯೇ ಉಳಿಯುವಂತಹ ಸೇವೆಯನ್ನು ಆರಿಸಿಕೊಂಡರೆ ಸಾಕು.

ಸುರಂಗವೊಂದೇ ಸಾಲದು, ಒಳಗಿನ ಶಿಸ್ತೂ ಬೇಕು. ಇಡೀ ಯಂತ್ರವನ್ನು ಒಪ್ಪಿಸದೆ, ಹಂಚಲು ತಕ್ಕ ಒಂದು ಫೋಲ್ಡರನ್ನು ಮಾತ್ರ ತೋರಿಸತಕ್ಕದ್ದು. ಓದುವವರಿಗೆ ಓದುವ ಅಧಿಕಾರ ಸಾಕು. ತಿದ್ದುವ, ಅಳಿಸುವ ಅಧಿಕಾರ ಬೇಡ. ಹತ್ತು ಜನರಿಗೆ ಒಂದೇ ಪಾಸ್‌ವರ್ಡು ಕೊಡದೆ ಒಬ್ಬೊಬ್ಬರಿಗೆ ಒಂದೊಂದು ಕೀಲಿ ಕೊಡಬೇಕು. ಕೆಲಸ ಮುಗಿದ ದಿನ ಅದನ್ನು ಹಿಂತೆಗೆದುಕೊಳ್ಳಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಮೂರು ಪ್ರತಿಗಳಿರಬೇಕು. ಒಂದು ಬೇರೆ ಊರಿನಲ್ಲಿರಬೇಕು. ಒಂದು ಯಾವ ತಂತಿಗೂ ತಗಲದೆ ಬೀರುವಿನಲ್ಲಿರಬೇಕು. ಎರಡು ಯಂತ್ರಗಳನ್ನು ತಾನಾಗಿಯೇ ಸರಿಹೊಂದಿಸುವ ಏರ್ಪಾಟನ್ನು ಪ್ರತಿಯೆಂದು ಭ್ರಮಿಸಬಾರದು. ಇಲ್ಲಿ ಕೆಟ್ಟ ಕಡತವು ಕ್ಷಣಮಾತ್ರದಲ್ಲಿ ಅಲ್ಲಿಯೂ ಕೆಡುತ್ತದೆ.

ಆದಕಾರಣ ಈ ಸಂಚಿಕೆಯ ವಾಚಕರಲ್ಲಿ ನನ್ನ ವಿಜ್ಞಾಪನೆ ಇಷ್ಟು. ಸಹೋದ್ಯೋಗಿಗಳಾದ ಶಿಕ್ಷಕರು ತಮ್ಮ ಮನೆಯ ಯಂತ್ರಗಳಲ್ಲಿರುವ ಶಾಲೆಯ ಕಾಗದಗಳನ್ನು ಈ ರಜೆಯಲ್ಲಿಯೇ ವಿಂಗಡಿಸಲಿ: ಯಾವುದು ಪಂಕ್ತಿಗೆ, ಯಾವುದು ಉಗ್ರಾಣಕ್ಕೆ. ಗಣಕಶಾಸ್ತ್ರವನ್ನು ಬಲ್ಲ ಹಳೆಯ ವಿದ್ಯಾರ್ಥಿಗಳು ಸುರಂಗವನ್ನು ಕಟ್ಟಿಕೊಟ್ಟು, ವರ್ಷಕ್ಕೊಮ್ಮೆ ಬಂದು ಪರೀಕ್ಷಿಸಿ ಹೋಗಲಿ, ಅದೂ ಕಾಯಕವೇ. ದಾನಿಗಳು ಕಟ್ಟಡದ ಕಲ್ಲಿಗೆ ಕೊಡುವ ಧನದಲ್ಲಿ ಒಂದು ಅಲ್ಪಭಾಗವನ್ನು ಎರಡು ಒಳ್ಳೆಯ ಡಿಸ್ಕುಗಳಿಗೂ ಅವುಗಳನ್ನು ನೋಡಿಕೊಳ್ಳುವವರ ಗೌರವಧನಕ್ಕೂ ಮೀಸಲಿಡಲಿ. ಹೊರದೇಶದ ಆ ವಿದ್ಯಾರ್ಥಿಯು ಈಗ ಸುರಂಗಮಾರ್ಗದಲ್ಲಿ ಬಂದು ಉಳಿದ ಓಲೆಗಳನ್ನು ಓದುತ್ತಿದ್ದಾರೆ. ಹಾಳಾದ ಕಟ್ಟಿನಲ್ಲಿ ನನಗೆ ನೆನಪಿದ್ದ ನಾಲ್ಕು ವಚನಗಳನ್ನು ಬರೆದು ಆ ತಾಯಿಯವರಿಗೆ ಕೊಟ್ಟಿದ್ದೇನೆ. ಮಿಕ್ಕ ಮನೆಗಳ ಓಲೆಗಳಿಗೆ ಆ ಗತಿ ಬಾರದಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಹೊಣೆ. ಶರಣು.