ಹತ್ತಿರದ ಜೊಂಡೂ ದೂರದ ದಡವೂ

ನಮ್ಮ ಬ್ಯಾಟರಾಯನಪುರಕ್ಕೆ ಸಮೀಪದ ಜಕ್ಕೂರು ಕೆರೆಯ ದಡದಲ್ಲಿ ಒಂದು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಗೇಣು ದೂರದಲ್ಲಿ ಹಿಡಿಯಿರಿ. ಬೆರಳು ಸ್ಪಷ್ಟವಾದರೆ ಆಚೆ ದಡ ಮಸುಕು. ದಡ ಸ್ಪಷ್ಟವಾದರೆ ಬೆರಳು ಮಸುಕು. ಕ್ಯಾಮೆರಾದ ಪಾಡೂ ಇದೇ. ದ್ಯುತಿರಂಧ್ರವನ್ನು ಕಿರಿದು ಮಾಡಿದರೆ ಸ್ಪಷ್ಟತೆಯ ಆಳ ಹೆಚ್ಚುತ್ತದೆ, ನಿಜ. ಆದರೆ ಎಫ್/22ರಷ್ಟು ಕಿರಿದಾದರೆ ಬೆಳಕಿನ ವಿವರ್ತನೆಯಿಂದ ಇಡೀ ಚಿತ್ರವೇ ತುಸು ಮಂಕಾಗುತ್ತದೆ.

ಉಪಾಯವಿದೆ. ಟ್ರೈಪಾಡ್ ಮೇಲೆ ಕ್ಯಾಮೆರಾ ಅಲುಗದಂತೆ ಇಟ್ಟು, ಎಫ್/8ರಲ್ಲಿ ಮೊದಲು ದಡದ ಜೊಂಡಿಗೆ, ಬಳಿಕ ನಡುವಿನ ನೀರಿಗೆ, ಕೊನೆಗೆ ಆಚೆಯ ಮರಗಳಿಗೆ ಫೋಕಸ್ ಮಾಡಿ 3 ಚಿತ್ರ ತೆಗೆಯಿರಿ. ಪ್ರತಿಯೊಂದರ ಸ್ಪಷ್ಟ ಭಾಗವನ್ನು ಕಂಪ್ಯೂಟರ್ ತಂತ್ರಾಂಶ ಆಯ್ದು ಜೋಡಿಸುತ್ತದೆ. ಇದೇ ಫೋಕಸ್ ಸ್ಟ್ಯಾಕಿಂಗ್. ಗಾಳಿಗೆ ಜೊಂಡು ತೂಗಿದರೆ ಜೋಡಣೆ ಕೆಡುತ್ತದೆ. ಗಾಳಿಯಾಡದ ಮುಂಜಾನೆಯೇ ಲೇಸು.

ಪೋಷಕರೇ, ಮಕ್ಕಳು ದುಬಾರಿ ಲೆನ್ಸ್ ಕೇಳಿದರೆ ಮೊದಲು ಈ ಪ್ರಯೋಗ ಮಾಡಿಸಿ. ಯಾವ ಬೆಲೆಯ ಲೆನ್ಸೂ ಬೆಳಕಿನ ನಿಯಮ ಮೀರದು.