ಕಾರಿಗೊಂದು ಹೊಸ ಬಿಲ್ಲೆ

ಗೆಳತಿಯರೇ, ಹಣೆಯ ಸ್ಟಿಕರ್ ಬೊಟ್ಟು ಬದಲಾಯಿಸಿದ ಹಾಗೆ ಕಾರಿನ ಕಂಪನಿ ಬಿಲ್ಲೆಯನ್ನೂ ಮನೆಯಲ್ಲೇ ಬದಲಾಯಿಸಬಹುದು, ತಾಳ್ಮೆ ಬೇಕು ಅಷ್ಟೆ. ಮೊನ್ನೆ ನನ್ನ ಮಗಳು ಹೊಳೆಯುವ ಕಲ್ಲಿನ ಎರಡು ಬಿಲ್ಲೆ ತರಿಸಿದಳು. ಒಂದು ಡಿಕ್ಕಿಗೆ, ಇನ್ನೊಂದು ಸ್ಟೀರಿಂಗಿಗೆ.

ಮೊದಲು ಡಿಕ್ಕಿಯದು. ಹಳೆಯದರ ಸುತ್ತ ಕಾಗದದ ಟೇಪು ಅಂಟಿಸಿ ಜಾಗ ಗುರುತು ಮಾಡಿಕೊಂಡೆವು. ಕೂದಲು ಒಣಗಿಸುವ ಡ್ರೈಯರಿನಿಂದ ಒಂದೆರಡು ನಿಮಿಷ ಬಿಸಿ ಮಾಡಿ, ಗಟ್ಟಿ ನೈಲಾನ್ ದಾರವನ್ನು ಹಿಂದೆ ತೂರಿಸಿ ಗರಗಸದ ಹಾಗೆ ಎಳೆದರೆ ಬಿಲ್ಲೆ ಬಿಟ್ಟು ಬಂತು. ಚಾಕು ಮಾತ್ರ ಹಾಕಬೇಡಿ, ಬಣ್ಣ ಕಿತ್ತುಹೋಗುತ್ತೆ. ಉಳಿದ ಅಂಟನ್ನು ಹೆಬ್ಬೆರಳಿನಿಂದ ಉಜ್ಜಿ ತೆಗೆದು, ಸ್ಪಿರಿಟ್ ಹಾಕಿದ ಬಟ್ಟೆಯಿಂದ ಒರೆಸಿ, ಹೊಸದನ್ನು ಒತ್ತಿ ಅಂಟಿಸಿ. ಒಂದು ದಿನ ನೀರು ಸೋಕಿಸಬೇಡಿ. ಕೆಲವು ಬಿಲ್ಲೆಗಳ ಹಿಂದೆ ಕಡ್ಡಿ ಇರುತ್ತೆ. ದಾರ ತಡೆದರೆ ಬಲವಂತ ಬೇಡ, ಗ್ಯಾರೇಜಿನಲ್ಲಿ ತೋರಿಸಿ.

ಸ್ಟೀರಿಂಗಿನದಕ್ಕೆ ಮಾತ್ರ ನಾನು ಒಪ್ಪಲಿಲ್ಲ. ಅದರ ಒಳಗೇ ಅಲ್ಲವೇ ಏರ್‌ಬ್ಯಾಗ್ ಇರೋದು! ಅಪಘಾತವಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಉಬ್ಬುತ್ತೆ, ಮೇಲೆ ಅಂಟಿಸಿದ ಬಿಲ್ಲೆ ಸೀದಾ ಮುಖಕ್ಕೆ ಹಾರಬಹುದು. ಅಮೆರಿಕದಲ್ಲಿ ಹೀಗೇ ಒಬ್ಬ ಚಾಲಕರ ಒಂದು ಕಣ್ಣಿನ ದೃಷ್ಟಿ ಹೋಯಿತು. 2023ರಲ್ಲಿ ಅಲ್ಲಿನ ಹೆದ್ದಾರಿ ಸುರಕ್ಷತಾ ಇಲಾಖೆ ಜನರಿಗೆ ಎಚ್ಚರಿಕೆ ಕೊಟ್ಟಿತು.

ಮಗಳು ಎರಡು ದಿನ ಮುಖ ಊದಿಸಿಕೊಂಡಿದ್ದಳು. ಆ ಬಿಲ್ಲೆ ಈಗ ನಮ್ಮ ಸಕ್ಕರೆ ಡಬ್ಬಿಯ ಮುಚ್ಚಳದ ಮೇಲೆ ಹೊಳೀತಾ ಇದೆ. ನಿಮ್ಮನೆ ಕಾರಿನ ಸ್ಟೀರಿಂಗನ್ನೂ ಒಮ್ಮೆ ನೋಡಿ. ಅಂಥದ್ದೇನಾದರೂ ಅಂಟಿಸಿದ್ದರೆ ಇವತ್ತೇ ತೆಗೆಸಿಬಿಡಿ.