ಒಂದೇ ಗಾಳಿಯಲ್ಲಿ ಹಲವು ಮಾತು

ಗಡಿಯವರಾದ ನಮಗೆ ಒಂದು ವಿದ್ಯೆ ಹುಟ್ಟಿನಿಂದಲೇ ಬಂದಿದೆ. ನಾರಾಯಣಪೇಟೆಯ ಸಂತೆಯಲ್ಲಿ ತೆಲುಗು, ಕನ್ನಡ, ಉರ್ದು, ಮರಾಠಿಗಳು ಏಕಕಾಲಕ್ಕೆ ಕಿವಿಗೆ ಬೀಳುತ್ತಿದ್ದರೂ, ಯಾರಾದರೂ ಕನ್ನಡದಲ್ಲಿ ಕರೆದರೆ ನಾವು ತಟ್ಟನೆ ತಿರುಗಿ ನೋಡುತ್ತೇವೆ. ೨೦೦೩ರ ಸುಮಾರಿಗೆ ನಮ್ಮ ದೇಶದಲ್ಲಿ ಹಬ್ಬಿದ ಸಿಡಿಎಂಎ ದೂರವಾಣಿಗಳ ತತ್ತ್ವವೂ ಇದೇ ಆಗಿತ್ತು. ಆ ಸೇವೆಗಳು ಈಗ ನಿಂತುಹೋಗಿವೆ, ತತ್ತ್ವ ನಿಂತಿಲ್ಲ. ದಾರಿ ತೋರುವ ಜಿ.ಪಿ.ಎಸ್. ಉಪಗ್ರಹಗಳೂ ಇಸ್ರೋ ಸಂಸ್ಥೆಯ ನಾವಿಕ್ ಉಪಗ್ರಹಗಳೂ ಇಂದಿಗೂ ಒಂದೇ ತರಂಗಾಂತರದಲ್ಲಿ, ಒಂದೇ ಹೊತ್ತಿನಲ್ಲಿ, ಬೇರೆ ಬೇರೆ ಸಂಕೇತಗಳಲ್ಲಿ ಮಾತನಾಡುತ್ತವೆ.

ಇದು ಹೇಗೆ ಸಾಧ್ಯವೆಂಬುದನ್ನು ಏಳನೆಯ ತರಗತಿಯ ಮಗುವೂ ಹಾಳೆಯ ಮೇಲೆ ಪರೀಕ್ಷಿಸಬಹುದು. ಮಕ್ತಲದ ಒಬ್ಬರ ಸಂಕೇತ +೧, +೧, −೧, −೧. ಮತ್ತೊಬ್ಬರದು +೧, −೧, −೧, +೧ ಎಂದಿರಲಿ. 'ಹೌದು' ಎನ್ನುವವರು ಸಂಕೇತವನ್ನು ಇದ್ದಂತೆಯೇ ಕಳುಹಿಸುತ್ತಾರೆ. 'ಇಲ್ಲ' ಎನ್ನುವವರು ಚಿಹ್ನೆಗಳನ್ನು ತಿರುಗಿಸಿ ಕಳುಹಿಸುತ್ತಾರೆ. ಮೊದಲನೆಯವರು ಹೌದು, ಎರಡನೆಯವರು ಇಲ್ಲ ಎಂದರೆ ಗಾಳಿಯಲ್ಲಿ ಕೂಡಿ ಬರುವುದು ೦, +೨, ೦, −೨. ಇದನ್ನು ಮೊದಲ ಸಂಕೇತದಿಂದ ಸ್ಥಾನಸ್ಥಾನಕ್ಕೆ ಗುಣಿಸಿ ಕೂಡಿಸಿರಿ: +೪. ಎರಡನೆಯದರಿಂದ ಗುಣಿಸಿ ಕೂಡಿಸಿರಿ: −೪. ಇಬ್ಬರ ಮಾತೂ ಕೆಡದೆ ಬಂದಿತು!

ಆದರೆ ಎರಡನೆಯ ಸಂಕೇತ ಮರಳಿ ಮರಳಿ ಬರುತ್ತಿರುವಾಗ ಒಂದೇ ಒಂದು ಹೆಜ್ಜೆ ತಡವಾದರೆ ಏನಾದೀತು? ಅದು +೧, +೧, −೧, −೧ ಆಗುತ್ತದೆ. ಅಂದರೆ ಮೊದಲನೆಯವರ ಸಂಕೇತವೇ! ಆದುದರಿಂದ ನಿಜವಾದ ಸಂಕೇತಗಳು ಬಲು ಉದ್ದ. ಜಿ.ಪಿ.ಎಸ್.ನ ಸಾರ್ವಜನಿಕ ಸಂಕೇತದಲ್ಲಿ ೧೦೨೩ ಹೆಜ್ಜೆಗಳಿವೆ. ರಾಬರ್ಟ್ ಗೋಲ್ಡ್ ಎಂಬವರು ೧೯೬೭ರಲ್ಲಿ ತೋರಿಸಿದ ಕ್ರಮದಲ್ಲಿ ಹೆಣೆದ ಇವು, ಎಷ್ಟು ಹೆಜ್ಜೆ ಜಾರಿದರೂ ಒಂದರೊಳಗೊಂದು ಸ್ವಲ್ಪವೇ ಬೆರೆಯುತ್ತವೆ. ಸ್ವಲ್ಪ, ಸೊನ್ನೆಯಲ್ಲ.

ತೊಡಕು ಇರುವುದು ಈ ಸ್ವಲ್ಪದಲ್ಲಿಯೇ. ಗದ್ವಾಲದಲ್ಲೊಂದು ಗೋಪುರವನ್ನು ಊಹಿಸಿಕೊಳ್ಳಿರಿ. ಒಬ್ಬರು ಅದರ ಬುಡದಲ್ಲಿದ್ದಾರೆ, ಇನ್ನೊಬ್ಬರು ಅದರ ಹತ್ತುಪಟ್ಟು ದೂರದ ಹೊಲದಲ್ಲಿ. ತೆರೆದ ಬಯಲಿನಲ್ಲಿಯೂ ದೂರದವರ ಶಕ್ತಿ ನೂರರಲ್ಲೊಂದು ಪಾಲಾಗಿ ಮುಟ್ಟುತ್ತದೆ. ಮರಮನೆಗಳ ನಡುವೆ ಇನ್ನೂ ಕಡಿಮೆ. ಹತ್ತಿರದವರ ಸಂಕೇತದ ಚೂರು ಬೆರಕೆಯೇ ದೂರದವರ ಇಡೀ ಮಾತನ್ನು ನುಂಗಿಬಿಡುತ್ತದೆ. ನಷ್ಟ ಯಾವಾಗಲೂ ದೂರದವರಿಗೆ. (ಕಚೇರಿಯ ಕಡತಗಳಲ್ಲಿ ಗಡಿಯವರ ಅರ್ಜಿಗಳ ಗತಿಯನ್ನು ಬಲ್ಲ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ.) ಮೊದಲ ಸಿಡಿಎಂಎ ದೂರವಾಣಿಗಳಲ್ಲಿ ಗೋಪುರವು ಪ್ರತಿಯೊಂದು ಫೋನಿಗೂ ಸೆಕೆಂಡಿಗೆ ೮೦೦ ಬಾರಿ 'ದನಿ ಏರಿಸು, ಇಳಿಸು' ಎಂದು ಆಜ್ಞೆ ಕೊಡುತ್ತಿದ್ದುದು ಈ ಕಾರಣದಿಂದಲೇ.

೧೯೮೦ರ ದಶಕದಲ್ಲಿ ಸೆರ್ಜಿಯೊ ವೆರ್ದು ಎಂಬ ವಿದ್ವಾಂಸರು ಬೇರೊಂದು ದಾರಿಯನ್ನು ತೋರಿದರು. ಇತರರ ಮಾತನ್ನು ಬರಿಯ ಗದ್ದಲವೆಂದೇಕೆ ಎಣಿಸಬೇಕು? ಅವರ ಸಂಕೇತವೂ ಗೋಪುರಕ್ಕೆ ಗೊತ್ತಿದೆಯಲ್ಲವೆ? ತೆಲುಗು ಅರಿಯದವನಿಗೆ ತೆಲುಗು ಗದ್ದಲ. ಎರಡನ್ನೂ ಬಲ್ಲ ನಮ್ಮ ಮಕ್ಕಳಿಗೆ ಅದು ಅರ್ಥವುಳ್ಳ ಮಾತು. ಎಲ್ಲರ ಮಾತನ್ನೂ ಒಟ್ಟಿಗೆ ಊಹಿಸುವುದೇ ಅತ್ಯುತ್ತಮ ಗ್ರಾಹಕ. ಆದರೆ ೨೦ ಜನರಿದ್ದರೆ ಹೌದು–ಇಲ್ಲಗಳ ಜೋಡಣೆಗಳು ೧೦,೪೮,೫೭೬! ಅಷ್ಟನ್ನು ತಾಳೆ ನೋಡುವವರಾರು?

ಆದುದರಿಂದ ಸುಲಭ ವಿಧಾನ ವ್ಯವಕಲನ: ಗಟ್ಟಿ ದನಿಯನ್ನು ಮೊದಲು ಅರಿತು, ಮೊತ್ತದಿಂದ ಕಳೆದು, ಉಳಿದುದರಲ್ಲಿ ಮೆಲುದನಿಯನ್ನು ಹುಡುಕುವುದು. ಇಲ್ಲಿಯೂ ಎಚ್ಚರ ಬೇಕು. +೧ ಇದ್ದುದನ್ನು −೧ ಎಂದು ತಪ್ಪಾಗಿ ತಿಳಿದು ಕಳೆದರೆ ಉಳಿಯುವುದು ೦ ಅಲ್ಲ, +೨, ಅಡ್ಡಿ ಇಮ್ಮಡಿಯಾಯಿತು. ಆದುದರಿಂದ ಊಹೆಯನ್ನು ಪೂರ್ತಿಯಾಗಿ ಕಳೆಯದೆ, ತಕ್ಕ ತೂಕವನ್ನು ಕೊಟ್ಟು ಕಳೆಯುತ್ತಾರೆ. ಆ ತೂಕ ಎಷ್ಟಿರಬೇಕೆಂಬುದರ ಬಗೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ. ಚೊಕ್ಕಲಿಂಗಂ ಮತ್ತು ಅವರ ಸಹೋದ್ಯೋಗಿಗಳು ಸಂಶೋಧನೆ ನಡೆಸಿದ್ದಾರೆ.